ಮೊಬೈಲ್ ಬ್ಯಾಂಕಿಂಗ್: ಕೀಲಿ ಗಟ್ಟಿ ಇರಲಿ, ಕೀಲಿಕೈ ನಿಮ್ಮ ಕೈಯಾಗೇ ಇರಲಿ

ಗೋಕಾಕ: "ತಮ್ಮಾ, ಒಂಚೂರು ನೋಡಪಾ, ಕಬ್ಬಿನ ಬಿಲ್ ಜಮಾ ಆಗೇತೇನು?"
"ಪಿನ್ ಎಷ್ಟ್ರಿ ಕಾಕಾ?"
"ನಾಕು, ಆರು..."

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮೊಬೈಲ್ ಅಂಗಡಿ, ಆನ್‌ಲೈನ್ ಸೆಂಟರ್‌ಗಳ ಮುಂದೆ ಇಂಥ ಮಾತು ಹೊಸದೇನಲ್ಲ. ಕಬ್ಬಿನ ಬಿಲ್ ಇರಬಹುದು, ಗೃಹಲಕ್ಷ್ಮಿಯ 2,000 ರೂಪಾಯಿ ಇರಬಹುದು, ಪಿಂಚಣಿ ಇರಬಹುದು. ರೊಕ್ಕ ಬಂದೈತೋ ಇಲ್ಲೋ ಎಂದು ತಿಳಿಯಲು ಫೋನ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಪಿನ್ ನಂಬರ್ ಅಂಗಡಿಯವನಿಗೂ ಗೊತ್ತು, ಪಾಳಿಯಲ್ಲಿ ನಿಂತ ನಾಲ್ಕು ಮಂದಿಗೂ ಗೊತ್ತು.

ಅಂಗಡಿಯ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಮನೆಯ ತಿಜೋರಿ ಕೀಲಿಕೈಯನ್ನು ಯಾರೂ ಹೀಗೆ ಸಂತೆಯಲ್ಲಿ ಕೊಟ್ಟು ಬರುವುದಿಲ್ಲ. ಮೊಬೈಲ್ ವಿಷಯದಲ್ಲಿ ಮಾತ್ರ ಕೊಡುತ್ತಾರೆ. ಜನ ದಡ್ಡರು ಅಂತಲ್ಲ, ಲಾಗಿನ್ ಆಗುವುದೇ ಹಲವರಿಗೆ ತ್ರಾಸು. ಅಕ್ಷರ ಸಣ್ಣದು, ಪಾಸ್‌ವರ್ಡ್ ಉದ್ದದ್ದು. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಒಟಿಪಿ ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ಮೂರು ಸಲ ತಪ್ಪಿದರೆ ಖಾತೆ ಲಾಕ್ ಆಗಿಬಿಡುತ್ತದೋ ಎಂಬ ಅಂಜಿಕೆ ಬೇರೆ. ಕೀಲಿ ತೀರಾ ಬಿಗಿಯಾದಾಗ ಜನ ಕೀಲಿಕೈಯನ್ನೇ ಬೇರೆಯವರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ತೀರಾ ಸಡಿಲಾದರೆ ಕಳ್ಳನೇ ಒಳಗೆ ಬರುತ್ತಾನೆ. ಇವೆರಡರ ನಡುವೆ ಒಂದು ದಾರಿ ಐತಿ.

ಒಂದು ಫೋನ್, ಮೂರು ಕೀಲಿ

ಬ್ಯಾಂಕ್ ಆ್ಯಪ್ ಬಳಸುವಾಗ ಮೂರು ಕೀಲಿ ಇರುತ್ತವೆ. ಮೊದಲನೆಯದು ಸಿಮ್. ಆ್ಯಪ್ ಹಾಕಿಕೊಂಡಾಗ ಅದು ಬ್ಯಾಂಕಿಗೆ ಕೊಟ್ಟ ನಂಬರಿನಿಂದಲೇ ಒಂದು ಎಸ್‌ಎಂಎಸ್ ಕಳಿಸಿ, ಇದೇ ಫೋನ್ ಎಂದು ಗುರುತು ಮಾಡಿಕೊಳ್ಳುತ್ತದೆ. ಎರಡನೆಯದು ಆ್ಯಪ್ ತೆರೆಯುವ ಎಂಪಿನ್ ಅಥವಾ ಬೆರಳಚ್ಚು. ಮೂರನೆಯದು ರೊಕ್ಕ ಹೊರಗೆ ಹೋಗುವಾಗ ಕೇಳುವ ಯುಪಿಐ ಪಿನ್ ಅಥವಾ ಒಟಿಪಿ.

ಎರಡನೇ ಕೀಲಿಯನ್ನು ಹಗುರ ಮಾಡಿಕೊಂಡರೆ ತಪ್ಪಿಲ್ಲ. ಉದ್ದನೆಯ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲಾಗದೆ ಪಾಸ್‌ಬುಕ್ ಮೇಲೆ ಬರೆದಿಡುವುದಕ್ಕಿಂತ ಬೆರಳಚ್ಚಿನಿಂದ ಆ್ಯಪ್ ತೆರೆಯುವುದೇ ಒಳ್ಳೆಯದು. ಒಂದು ಎಚ್ಚರಿಕೆ ಮಾತ್ರ ಬೇಕು. ಗೇಮ್ ಆಡಲಿಕ್ಕೆಂದು ಮೊಮ್ಮಗನ ಬೆರಳನ್ನೂ ಅದೇ ಫೋನಿಗೆ ಸೇರಿಸಿದ್ದರೆ ಆ ಬೆರಳಿಗೂ ಬ್ಯಾಂಕಿನ ಬಾಗಿಲು ತೆರೆಯಬಹುದು. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಯಾರ್‍ಯಾರ ಬೆರಳು ಸೇರಿವೆ ನೋಡಿ, ಬೇಡಾದ್ದನ್ನು ತೆಗೆಯಬೇಕು.

ಮೂರನೇ ಕೀಲಿಯನ್ನು ಮಾತ್ರ ಯಾರಿಗೂ ಹೇಳಬಾರದು. ಒಂದು ಮಾತು ಗಟ್ಟಿ ನೆನಪಿಡಬೇಕು: ರೊಕ್ಕ ಬರಬೇಕಾದರೆ ಯುಪಿಐ ಪಿನ್ ಬೇಕಿಲ್ಲ. ಪಿನ್ ಬೇಕಾಗುವುದು ರೊಕ್ಕ ಕಳಿಸಲಿಕ್ಕೆ ಮತ್ತು ಖಾತೆಯಲ್ಲಿ ಎಷ್ಟಿದೆ ಎಂದು ನೋಡಲಿಕ್ಕೆ. "ನಿಮಗ ರೊಕ್ಕಾ ಬಂದಾವ್ರಿ, ಪಿನ್ ಹಾಕ್ರಿ" ಎಂದು ಯಾರಾದರೂ ಹೇಳಿದರೆ ಅದು ಮೋಸವೇ.

ಕಬ್ಬಿನ ಬಿಲ್ ಜಮಾ ಆಯಿತೋ ಇಲ್ಲವೋ ತಿಳಿಯಲು ಪಿನ್ ಹೇಳುವ ಜರೂರತ್ತೇ ಇಲ್ಲ. ಹಲವು ಬ್ಯಾಂಕುಗಳು ಮಿಸ್ಡ್ ಕಾಲ್ ಕೊಟ್ಟರೆ ಎಸ್‌ಎಂಎಸ್‌ನಲ್ಲಿ ಬಾಕಿ ತಿಳಿಸುತ್ತವೆ. ಆ ನಂಬರನ್ನು ಶಾಖೆಯಲ್ಲೇ ಕೇಳಿ ಫೋನಿನಲ್ಲಿ ಉಳಿಸಿಕೊಂಡರೆ ಅಂಗಡಿಗೆ ಹೋಗುವ ಕೆಲಸವೇ ತಪ್ಪುತ್ತದೆ.

ಆರ್‌ಬಿಐ ಏನು ಹೇಳುತ್ತದೆ?

ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಪಾವತಿಯ ದೃಢೀಕರಣ ಕುರಿತು ಹೊಸ ನಿರ್ದೇಶನ ಹೊರಡಿಸಿದೆ. ಜಾರಿಗೆ ಗೊತ್ತುಮಾಡಿದ ದಿನ 2026ರ ಏಪ್ರಿಲ್ 1. ಕೆಲವು ವಿನಾಯಿತಿ ಬಿಟ್ಟರೆ ಪ್ರತಿ ಪಾವತಿಗೂ ಕನಿಷ್ಠ ಎರಡು ಬಗೆಯ ಗುರುತು ಬೇಕು. ಆದರೆ ಎಸ್‌ಎಂಎಸ್ ಒಟಿಪಿಯೇ ಆಗಬೇಕು ಅಂತೇನಿಲ್ಲ. ಪಿನ್, ಬೆರಳಚ್ಚು, ಆ್ಯಪ್ ಒಳಗಿನ ದೃಢೀಕರಣ ಮುಂತಾದವನ್ನೂ ಬ್ಯಾಂಕುಗಳು ಬಳಸಬಹುದು. ವ್ಯವಹಾರ ಅನುಮಾನಾಸ್ಪದ ಅನ್ನಿಸಿದರೆ ಮಾತ್ರ ಹೆಚ್ಚಿನ ಪರೀಕ್ಷೆ ಮಾಡಲಿಕ್ಕೂ ಅವಕಾಶ ಇದೆ. ಅಂದರೆ ದಿನಾ ಹಾಲಿನ ರೊಕ್ಕ ಕೊಡುವವನಿಗೆ ಕಿರಿಕಿರಿ ಕಡಿಮೆ, ನಡುರಾತ್ರಿ ಹೊಸ ಫೋನಿನಿಂದ ಲಕ್ಷ ರೂಪಾಯಿ ಹೊರಟರೆ ತಡೆ.

2025ರ ಅಕ್ಟೋಬರ್‌ನಲ್ಲಿ ಯುಪಿಐ ಪಿನ್ ಬದಲು ಫೋನಿನ ಬೆರಳಚ್ಚು ಅಥವಾ ಮುಖದ ಗುರುತಿನಿಂದ ಪಾವತಿ ಮಾಡುವ ಸೌಲಭ್ಯವೂ ಬಂತು. ಶುರುವಿಗೆ ಅದರ ಮಿತಿ 5,000 ರೂಪಾಯಿ. ಇದು ಬೇಕಾದವರಿಗೆ ಮಾತ್ರ, ಕಡ್ಡಾಯವಲ್ಲ.

ಸಾಸಿವೆ ಡಬ್ಬಿ ಬೇರೆ, ತಿಜೋರಿ ಬೇರೆ

ನಮ್ಮ ಭಾಗದ ಮನೆಗಳಲ್ಲಿ ಹಿರಿಯರು ಮೊದಲಿನಿಂದಲೂ ಮಾಡುತ್ತ ಬಂದ ವ್ಯವಸ್ಥೆಯೇ ಇಲ್ಲೂ ಕೆಲಸಕ್ಕೆ ಬರುತ್ತದೆ. ಕಾಯಿಪಲ್ಯೆ, ಚಹಾಪುಡಿ ರೊಕ್ಕ ಸಾಸಿವೆ ಡಬ್ಬಿಯಲ್ಲಿ, ದೊಡ್ಡ ರೊಕ್ಕ ತಿಜೋರಿಯಲ್ಲಿ. ಡಬ್ಬಿಗೆ ಕೀಲಿ ಇಲ್ಲ, ಹೋದರೂ ಅಷ್ಟೇ ಹೋಗುತ್ತದೆ.

ಯುಪಿಐ ಲೈಟ್ ಅನ್ನುವುದು ಆ ಸಾಸಿವೆ ಡಬ್ಬಿ. ಅದರಲ್ಲಿ ಒಮ್ಮೆಗೆ 5,000 ರೂಪಾಯಿವರೆಗೆ ಇಡಬಹುದು. 1,000 ರೂಪಾಯಿವರೆಗಿನ ಪಾವತಿಗೆ ಪಿನ್ ಬೇಕಿಲ್ಲ. ಹತ್ತು ಮಂದಿ ನಿಂತ ಅಂಗಡಿಯಲ್ಲಿ ಪಿನ್ ಒತ್ತುವುದೂ ತಪ್ಪುತ್ತದೆ. ಪಿನ್ ಇಲ್ಲದ ಕಾರಣ ಫೋನಿಗೆ ಲಾಕ್ ಮಾತ್ರ ಇರಲೇಬೇಕು.

ಕಬ್ಬಿನ ಬಿಲ್, ಹೊಲ ಮಾರಿದ ರೊಕ್ಕ, ಮಗಳ ಮದುವೆಗೆ ಕೂಡಿಟ್ಟ ರೊಕ್ಕ ಇದ್ದರೆ ಆ ಖಾತೆಯನ್ನು ಯುಪಿಐಗೆ ಜೋಡಿಸದೇ ಇಡುವುದು ಒಳ್ಳೆಯದು. ದಿನದ ವ್ಯವಹಾರಕ್ಕೆ ಇನ್ನೊಂದು ಸಣ್ಣ ಖಾತೆ ಸಾಕು. ತಿಂಗಳಿಗೊಮ್ಮೆ ದೊಡ್ಡ ಖಾತೆಯಿಂದ ಸಣ್ಣದಕ್ಕೆ ಹಾಕಿಕೊಂಡರಾಯಿತು. ಎರಡು ಖಾತೆ ಬೇಡ ಅನ್ನುವವರು ದಿನದ ಮಿತಿಯನ್ನಾದರೂ ಇಳಿಸಬಹುದು. ಹೆಚ್ಚಿನ ಬ್ಯಾಂಕ್ ಆ್ಯಪ್‌ಗಳಲ್ಲಿ ಈ ಅವಕಾಶ ಇರುತ್ತದೆ.

ಮಗನಿಗೆ ಪಿನ್ ಹೇಳದೇ ಕೆಲಸ ಆಗುತ್ತದೆ

ಅಪ್ಪನ ಖಾತೆಯಿಂದ ಗೊಬ್ಬರದ ರೊಕ್ಕ ಕೊಡುವುದು ಮಗ. ಅದಕ್ಕೆ ಅಪ್ಪನ ಪಿನ್ ಮಗನಿಗೂ ಗೊತ್ತಿರುತ್ತದೆ. ಇದಕ್ಕೊಂದು ಸರಿಯಾದ ದಾರಿ ಯುಪಿಐ ಸರ್ಕಲ್. 2024ರ ಆಗಸ್ಟ್‌ನಲ್ಲಿ ಇದನ್ನು ಪ್ರಕಟಿಸಲಾಯಿತು. ಖಾತೆದಾರರು ನಂಬಿಕೆಯ ಒಬ್ಬರನ್ನು ತಮ್ಮ ಸರ್ಕಲ್‌ಗೆ ಸೇರಿಸಿ ತಿಂಗಳಿಗೆ ಗರಿಷ್ಠ 15,000, ಒಂದು ಸಲಕ್ಕೆ ಗರಿಷ್ಠ 5,000 ರೂಪಾಯಿವರೆಗೆ ಮಿತಿ ಹಾಕಿಕೊಡಬಹುದು. ಇಲ್ಲವೇ ಮಗ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದಾಗ ಅಪ್ಪನ ಫೋನಿಗೆ ಕೋರಿಕೆ ಬಂದು, ಅಪ್ಪ ಪಿನ್ ಹಾಕಿದರೆ ಮಾತ್ರ ರೊಕ್ಕ ಹೋಗುವಂತೆಯೂ ಮಾಡಬಹುದು. ಬೇಡಾದ ದಿನ ಹೆಸರು ತೆಗೆದುಹಾಕಬಹುದು. ಹೇಳಿಬಿಟ್ಟ ಪಿನ್ ಹಾಗಲ್ಲ, ಅದನ್ನು ಬದಲಿಸುವತನಕ ಗೊತ್ತಿದ್ದವರಿಗೆ ಗೊತ್ತೇ ಇರುತ್ತದೆ.

ಹೆಬ್ಬೆಟ್ಟಿನ ವ್ಯವಹಾರಕ್ಕೆ ಬೇರೆ ಎಚ್ಚರಿಕೆ

ಸ್ಮಾರ್ಟ್‌ಫೋನ್ ಇಲ್ಲದ ಎಷ್ಟೋ ಹಿರಿಯರು ಊರಲ್ಲೇ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ರೊಕ್ಕ ತೆಗೆಯುತ್ತಾರೆ. ಇದಕ್ಕೆ ಎಇಪಿಎಸ್ ಎನ್ನುತ್ತಾರೆ. ಬ್ಯಾಂಕ್ ಹೆಸರು, ಆಧಾರ್ ನಂಬರ್, ಬೆರಳಚ್ಚು ಇದ್ದರೆ ಸಾಕು. ಪಿನ್ ಇಲ್ಲ, ಒಟಿಪಿ ಇಲ್ಲ. ಅನುಕೂಲ ದೊಡ್ಡದು, ಅಪಾಯವೂ ಅಷ್ಟೇ ದೊಡ್ಡದು.

2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹೀಗೆಯೇ ರೊಕ್ಕ ಹೋದ ಪ್ರಕರಣಗಳು ದಾಖಲಾದವು. ನೋಂದಣಿ ಪತ್ರಗಳಲ್ಲಿದ್ದ ಆಧಾರ್ ನಂಬರ್ ಮತ್ತು ಬೆರಳಚ್ಚು ನಕಲು ಮಾಡಿ ರೊಕ್ಕ ತೆಗೆದಿದ್ದರು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಬೆರಳು ಬದಲಿಸಲಿಕ್ಕೆ ಆಗುವುದಿಲ್ಲ.

ಇದಕ್ಕೆ ಪರಿಹಾರ ಬಯೋಮೆಟ್ರಿಕ್ ಲಾಕ್. ಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ಜಾಲತಾಣದಲ್ಲಿ ಲಾಕ್ ಮಾಡಬಹುದು. ಆದರೆ ಲಾಕ್ ಇದ್ದಾಗ ಬ್ಯಾಂಕ್ ಮಿತ್ರರ ಬಳಿಯಷ್ಟೇ ಅಲ್ಲ, ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯುವುದಿಲ್ಲ. ಬೇಕಾದಾಗ ಸ್ವಲ್ಪ ಹೊತ್ತು ತೆರೆದು ಮತ್ತೆ ಲಾಕ್ ಮಾಡಬೇಕು. ಹೆಬ್ಬೆಟ್ಟು ಎಲ್ಲೂ ಬಳಸದವರು ಲಾಕ್ ಮಾಡಿಡುವುದೇ ಲೇಸು. ತಿಂಗಳಿಗೊಮ್ಮೆ ಬಳಸುವ ಅಜ್ಜ-ಅಜ್ಜಿಯರ ಮನೆಯಲ್ಲಿ ಇದನ್ನು ಮಾಡಿಕೊಡುವವರು ಯಾರಾದರೂ ಇದ್ದರೆ ಮಾತ್ರ ಲಾಕ್ ಮಾಡಬೇಕು. ಇಲ್ಲದಿದ್ದರೆ ರೇಷನ್ ಪಾಳಿಯಲ್ಲಿ ತೊಂದರೆ ಆಗುತ್ತದೆ. ಅಂಥವರು ಆಧಾರ್ ಜೋಡಿಸಿದ ಖಾತೆಯಲ್ಲಿ ಹೆಚ್ಚು ರೊಕ್ಕ ಇಡದಿದ್ದರೆ ಸಾಕು.

ಸುಳ್ಳು ಬಾಗಿಲು ಗುರುತಿಸುವುದು ಹೇಗೆ?

ಕೀಲಿ ಎಷ್ಟೇ ಗಟ್ಟಿ ಇದ್ದರೂ ಬೇರೆ ಮನೆಯ ಬಾಗಿಲಿಗೆ ಹೋಗಿ ಕೀಲಿಕೈ ಹಾಕಿದರೆ ಪ್ರಯೋಜನವಿಲ್ಲ. ನೆಟ್ ಬ್ಯಾಂಕಿಂಗ್ ಮಾಡುವವರು ವಿಳಾಸದ ಕೊನೆ ನೋಡಬೇಕು. ದೇಶದ ಬ್ಯಾಂಕುಗಳು ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು ಆರ್‌ಬಿಐ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಈ ಕೊನೆಯ ಹೆಸರು ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ.

2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದಾದವು. ಹೆಸರು ಬದಲಾಗುವ ಇಂಥ ಹೊತ್ತು ಮೋಸಗಾರರಿಗೆ ಸುಗ್ಗಿ. "ಹೊಸ ಆ್ಯಪ್ ಹಾಕ್ಕೊಳ್ರಿ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಮುಟ್ಟಬಾರದು. ಅಂಥ ಫೈಲ್ ಒಳಗೆ ಹೊಕ್ಕರೆ ನಿಮ್ಮ ಒಟಿಪಿಯನ್ನು ನಿಮಗಿಂತ ಮೊದಲೇ ಓದಬಹುದು. ಆ್ಯಪ್ ಬೇಕಾದರೆ ಪ್ಲೇ ಸ್ಟೋರ್‌ನಿಂದ, ಇಲ್ಲವೇ ಶಾಖೆಯಲ್ಲಿ ಕೇಳಿ ಹಾಕಿಕೊಳ್ಳಬೇಕು.

ಹುಕ್ಕೇರಿ ಭಾಗದವರಿಗೆ ಇನ್ನೊಂದು ಸುಳುಹು. "ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಕರೆಂಟ್ ಕಟ್" ಎಂದು ಹೆಸ್ಕಾಂ ಹೆಸರಲ್ಲಿ ಲಿಂಕ್ ಬಂದರೆ, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಗ್ರಾಹಕರಿಗೆ ಅಲ್ಲೇ ಗೊತ್ತಾಗಬೇಕು: ನಮ್ಮ ಬಿಲ್ ಹೋಗುವುದು ಸಂಘಕ್ಕೆ, ಹೆಸ್ಕಾಂಗಲ್ಲ!

ಪಿನ್ ಕೊಟ್ಟರೆ ರಕ್ಷಣೆಯೂ ಹೋಗುತ್ತದೆ

ಇದು ಬಹಳ ಮಂದಿಗೆ ಗೊತ್ತಿಲ್ಲದ ವಿಷಯ. ಆರ್‌ಬಿಐನ 2017ರ ಜುಲೈ ಸುತ್ತೋಲೆ ಪ್ರಕಾರ ಬ್ಯಾಂಕಿನ ಲೋಪದಿಂದ ರೊಕ್ಕ ಹೋದರೆ ಗ್ರಾಹಕರ ಹೊಣೆ ಶೂನ್ಯ. ಬ್ಯಾಂಕಿನದೂ ಗ್ರಾಹಕರದೂ ಅಲ್ಲದ, ಮೂರನೆಯವರ ತಪ್ಪಿನಿಂದ ಹೋದಾಗ, ಬ್ಯಾಂಕಿನಿಂದ ಸಂದೇಶ ಬಂದ ಮೇಲೆ 3 ಕೆಲಸದ ದಿನದೊಳಗೆ ತಿಳಿಸಿದರೂ ಹೊಣೆ ಶೂನ್ಯ. 4ರಿಂದ 7 ದಿನದೊಳಗಾದರೆ ಹೊಣೆಗೆ ಮಿತಿ ಇದೆ. ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಇಂಥದೇ ಸುತ್ತೋಲೆ ಹೋಗಿದೆ.

ಆದರೆ ಗ್ರಾಹಕರೇ ಪಿನ್, ಒಟಿಪಿ ಹಂಚಿಕೊಂಡು ರೊಕ್ಕ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವತನಕ ಆದ ನಷ್ಟವೆಲ್ಲ ಗ್ರಾಹಕರದ್ದೇ. ತಿಳಿಸಿದ ಮೇಲೆ ಹೋದದ್ದು ಮಾತ್ರ ಬ್ಯಾಂಕಿನ ಹೊಣೆ. ಅಂಗಡಿಯ ಪಾಳಿಯಲ್ಲಿ ಹೇಳಿದ ಆ ನಾಲ್ಕು ಅಂಕಿಯ ಬೆಲೆ ಇಷ್ಟು.

ರೊಕ್ಕ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೆ ತಿಳಿಸಿ ಖಾತೆ ತಡೆಹಿಡಿಸಬೇಕು. ಹತ್ತಿರದ ಠಾಣೆಯಲ್ಲಿ ಅಥವಾ ಬೆಳಗಾವಿಯ ಸಿಇಎನ್ ಠಾಣೆಯಲ್ಲಿ ದೂರು ಕೊಡಬಹುದು. ಮಂದಿ ಏನಂತಾರೋ ಎಂದು ನಾಚಿ ಕೂತರೆ ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ.

ಇವತ್ತೇ ಮಾಡಬಹುದಾದ ಐದು ಕೆಲಸ

1. ಪಿನ್ ಬೇರೆಯವರಿಗೆ ಗೊತ್ತಿದ್ದರೆ ಬದಲಿಸಿ. ಹುಟ್ಟಿದ ವರ್ಷ, ಗಾಡಿ ನಂಬರ್ ಬೇಡ.
2. ಫೋನಿನಲ್ಲಿ ಯಾರ್‍ಯಾರ ಬೆರಳಚ್ಚು ಇವೆ ನೋಡಿ.
3. ದೊಡ್ಡ ರೊಕ್ಕದ ಖಾತೆಯನ್ನು ಯುಪಿಐಯಿಂದ ಬಿಡಿಸಿ, ಇಲ್ಲವೇ ಮಿತಿ ಇಳಿಸಿ.
4. ಬ್ಯಾಂಕಿನಲ್ಲಿರುವ ಮೊಬೈಲ್ ನಂಬರ್ ಈಗಲೂ ನಿಮ್ಮದೇ ಹೌದೋ ಅಲ್ಲೋ ಖಾತ್ರಿ ಮಾಡಿಕೊಳ್ಳಿ. ಬಂದ್ ಆದ ಸಿಮ್ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ.
5. ಬ್ಯಾಂಕಿನ ನಂಬರ್ ಮತ್ತು 1930 ಎರಡನ್ನೂ ಪಾಸ್‌ಬುಕ್ ಮೇಲೆ ಬರೆದಿಡಿ. ಪಿನ್ ಬರೆಯಬೇಡಿ.

ಮನೆಯಲ್ಲಿ ಕಲಿತ ಮಕ್ಕಳಿದ್ದರೆ ಒಂದು ಸಂಜೆ ಕೂತು ಅಪ್ಪ-ಅವ್ವನಿಗೆ ಇಷ್ಟು ಮಾಡಿಕೊಡಲಿ. ಪಿನ್ ಹಾಕುವಾಗ ಮಾತ್ರ ಮುಖ ಆ ಕಡೆ ತಿರುಗಿಸಲಿ.