ಮನೆಯ ವೈಫೈಗೂ ಸರದಿ ಬೇಕು

ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದ ಗಂಗಾವತಿಯಲ್ಲಿ ಭತ್ತ ನಳನಳಿಸಿದರೆ, ಕೊನೆಯ ಭಾಗದ ರಾಯಚೂರಿನ ರೈತರು ನೀರಿಗಾಗಿ ಬೀದಿಗಿಳಿಯಬೇಕಾಗುತ್ತದೆ. ಮನೆಯ ವೈಫೈನಲ್ಲಿ ನಡೆಯುವುದೂ ಇದೇ. ರೂಟರ್ ವೇಗವನ್ನು ಸೃಷ್ಟಿಸುವುದಿಲ್ಲ, ಬಂದಷ್ಟನ್ನು ಹಂಚುತ್ತದೆ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಸಾಕಿತ್ತು. 2023ರಲ್ಲಿ ಕೇಂದ್ರ ಸರ್ಕಾರ ಈ ಕನಿಷ್ಠ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಿತು. ಕುಷ್ಟಗಿ, ಯಲಬುರ್ಗಾದ ಮನೆಗೆ ಇಷ್ಟೇ ವೇಗ ಬಂದರೆ, ಅಣ್ಣ ಸಿನಿಮಾ ನೋಡುವಾಗ ತಂಗಿಯ ಆನ್‌ಲೈನ್ ಪಾಠ ನಿಲ್ಲುತ್ತದೆ. ಒಬ್ಬೊಬ್ಬರ ಬಳಕೆಗೆ ಮಿತಿ ಹಾಕುವ ಸೌಲಭ್ಯ ಅನೇಕ ರೂಟರ್‌ಗಳಲ್ಲಿದೆ; ಬಳಸುವವರು ವಿರಳ. ಪಾಠಕ್ಕೆ, ಅರ್ಜಿಗೆ ಹಗಲು ಮೀಸಲಿರಲಿ, ಡೌನ್‌ಲೋಡ್ ರಾತ್ರಿಗಿರಲಿ. ವಿರಳ ಸಂಪನ್ಮೂಲದ ಹಂಚಿಕೆಗೆ ನಿಯಮವಿಲ್ಲದಿದ್ದರೆ ಅದು ಬಲ್ಲಿದರ ಪಾಲಾಗುತ್ತದೆ. ವೇಗ ಹೆಚ್ಚಿಸುವುದು ಸರ್ಕಾರದ ಹೊಣೆ. ಇರುವುದನ್ನು ನ್ಯಾಯವಾಗಿ ಹಂಚಿಕೊಳ್ಳುವುದು ನಮ್ಮದು.