ಬಟನ್ ಒತ್ತಿದರೂ ಟಿವಿ ಸುಮ್ಮನಿದೆಯೇ? ವರ್ಚುವಲ್ ರಿಮೋಟ್‌ನ ಮೂರು ಲೆಕ್ಕ ತಾಳೆ ನೋಡಿ

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ.

ಮನೆಯಲ್ಲಿ ಸ್ಮಾರ್ಟ್ ಲೈಟು, ಸ್ಮಾರ್ಟ್ ಪ್ಲಗ್ಗು ಅಂತೆಲ್ಲ ಹಾಕ್ಕೊಂಡಿರೋ ಕೇಳುಗರಿಂದ ಪದೇ ಪದೇ ಬರೋ ಪ್ರಶ್ನೆ ಒಂದಿದೆ. "ಫೋನಲ್ಲಿ ಟಿವಿ ರಿಮೋಟ್ ಕಾಣ್ತಿದೆ, ಬಟನ್ನೂ ಇದೆ, ಒತ್ತಿದ್ರೆ ಮಾತ್ರ ಏನೂ ಆಗಲ್ಲ. ಯಾಕೆ?" ಇವತ್ತು ಅದಕ್ಕೆ ಪೂರ್ತಿ ಉತ್ತರ ಕೊಡೋಣ.

ಉತ್ತರಕ್ಕೆ ಒಂದು ಉದಾಹರಣೆ ಬೇಕು. ಹಾಸನದ ಕಡೆಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಅವರ ತಂದೆಗೆ ಸ್ಟ್ರೋಕ್ ಆಗಿ ಬಲಗೈ ಸರಿಯಾಗಿ ಆಡಲ್ಲ. ಸ್ಟ್ರೀಮಿಂಗ್ ಸ್ಟಿಕ್ ಜೊತೆ ಬರುತ್ತಲ್ಲ, ಬೆರಳುದ್ದದ ರಿಮೋಟು, ಅದರ ಬಟನ್ ಅವರಿಗೆ ಒತ್ತೋಕಾಗಲ್ಲ. ಮಗಳು ಹಳೇ ಟ್ಯಾಬ್ಲೆಟ್ ಒಂದರಲ್ಲಿ ಅಂಗೈ ಅಗಲದ ಐದು ಬಟನ್ ಮಾಡಿಟ್ರು: ಆನ್, ಆಫ್, ವಾರ್ತೆ, ಹಳೇ ಹಾಡು, ಹಿಂದೆ. ಎರಡು ವಾರ ಚೆನ್ನಾಗಿ ನಡೀತು. ಆಮೇಲೆ ಕರೆಂಟ್ ಹೋಗಿ ಬಂದಾಗಲೆಲ್ಲ ಬಟನ್‌ಗಳು ಸತ್ತುಹೋಗೋಕೆ ಶುರುವಾಯ್ತು. ಕೆಲವೊಮ್ಮೆ ಆನ್ ಒತ್ತಿದ್ರೆ ಟಿವಿ ಆಫ್ ಆಗೋದು. ಹಳೇ ಹಾಡು ಒತ್ತಿದ್ರೆ ಇನ್ಯಾವುದೋ ಆ್ಯಪ್ ತೆರೆಯೋದು. ಅವರು ಕೊನೆಗೆ ಹೇಳಿದ್ದು ಇದು: "ಅಪ್ಪ ಈಗ ಯಾರನ್ನೂ ಕೇಳೋಕೆ ಸಂಕೋಚ ಪಟ್ಕೊಂಡು ಕಪ್ಪು ಪರದೆ ಮುಂದೆ ಸುಮ್ನೆ ಕೂತಿರ್ತಾರೆ."

ಹಾಗಾಗಿ ಇದನ್ನ ಬರೀ ಶೋಕಿ ವಿಷಯ ಅಂತ ನೋಡೋದು ಬೇಡ.

ಕೈಯಲ್ಲಿನ ರಿಮೋಟು, ಪರದೆ ಮೇಲಿನ ರಿಮೋಟು

ಹಳೇ ಕಾಲದ ರಿಮೋಟ್ ತುಂಬಾ ಸರಳ. ಮುಂದೆ ಇರೋ ಚಿಕ್ಕ ಎಲ್‌ಇಡಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗಿಸಿ ಸಂಕೇತ ಕಳಿಸುತ್ತೆ. ಟಿವಿ ನೋಡಿದ್ರೆ ನೋಡ್ತು, ಇಲ್ಲಾಂದ್ರೆ ಇಲ್ಲ. ಆ ರಿಮೋಟ್‌ಗೆ ಟಿವಿಯ ವಿಳಾಸ ಗೊತ್ತಿಲ್ಲ, ಟಿವಿ ಆನ್ ಇದೆಯಾ ಆಫ್ ಇದೆಯಾ ಅನ್ನೋದೂ ಗೊತ್ತಿಲ್ಲ. ಯಾವ ಲೆಕ್ಕವನ್ನೂ ಇಟ್ಕೊಳ್ಳಲ್ಲ, ಆದ್ದರಿಂದ ಲೆಕ್ಕ ತಪ್ಪೋ ಮಾತೇ ಇಲ್ಲ.

ವರ್ಚುವಲ್ ರಿಮೋಟ್ ಹಾಗಲ್ಲ. ನೀವು ಒತ್ತಿದ್ದು ಮೊದಲು ಮನೆಯ ಆಟೊಮೇಷನ್ ಸಾಫ್ಟ್‌ವೇರ್‌ಗೆ ಹೋಗುತ್ತೆ. ನಮ್ಮ ಕೇಳುಗರ ಮನೆಯಲ್ಲಿರೋದು ಹೋಮ್ ಅಸಿಸ್ಟೆಂಟ್. 2013ರಲ್ಲಿ ಪೌಲಸ್ ಸ್ಕೌಟ್ಸನ್ ಶುರು ಮಾಡಿದ ಮುಕ್ತ ತಂತ್ರಾಂಶ ಅದು, ಒಂದು ಪುಟ್ಟ ಕಂಪ್ಯೂಟರ್‌ನಲ್ಲಿ ಮನೆಯೊಳಗೇ ಓಡುತ್ತೆ. ಅಲ್ಲಿಂದ ಆಜ್ಞೆ ವೈಫೈ ರೂಟರ್‌ಗೆ, ರೂಟರ್‌ನಿಂದ ಸ್ಟಿಕ್‌ಗೆ, ಸ್ಟಿಕ್‌ನಿಂದ ಎಚ್‌ಡಿಎಂಐ ಮೂಲಕ ಟಿವಿಗೆ. ಈ ದಾರಿಯುದ್ದಕ್ಕೂ ಸಾಫ್ಟ್‌ವೇರ್ ಮೂರು ವಿಷಯ ನೆನಪಿಟ್ಕೊಂಡಿರಬೇಕು: ಸ್ಟಿಕ್‌ನ ವಿಳಾಸ, ಸ್ಟಿಕ್ ಜೊತೆಗಿನ ಗುರುತು, ಸ್ಟಿಕ್‌ನ ಈಗಿನ ಸ್ಥಿತಿ.

ನಾನು ಓದಿದ್ದು ಬಿ.ಕಾಂ. ನನಗೆ ಇದು ಬಿ.ಆರ್.ಎಸ್ ಥರ ಕಾಣುತ್ತೆ, ಅಂದ್ರೆ ಬ್ಯಾಂಕ್ ರಿಕನ್ಸಿಲಿಯೇಶನ್ ಸ್ಟೇಟ್‌ಮೆಂಟ್. ನಮ್ಮ ನಗದು ಪುಸ್ತಕ ಒಂದು ಹೇಳುತ್ತೆ, ಬ್ಯಾಂಕಿನ ಪಾಸ್‌ಬುಕ್ ಇನ್ನೊಂದು ಹೇಳುತ್ತೆ. ಆಗ ಪುಸ್ತಕ ಹರಿದುಹಾಕಿ ಹೊಸದು ಬರೆಯಲ್ಲ, ಯಾವ ನಮೂದು ತಾಳೆ ಆಗ್ತಿಲ್ಲ ಅಂತ ಹುಡುಕ್ತೀವಿ. ಇಲ್ಲೂ ಅಷ್ಟೇ. ಬಟನ್ ಕೆಲಸ ಮಾಡ್ತಿಲ್ಲ ಅಂದ್ರೆ ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡೋದು ಬೇಡ.

ಮೊದಲ ಪರೀಕ್ಷೆ: ದಾರಿ ಬದಲಿಸಿ ನೋಡಿ

ಏನನ್ನೂ ಬದಲಾಯಿಸೋ ಮುಂಚೆ ಒಂದು ಪರೀಕ್ಷೆ. ನಿಮ್ಮದು ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ ಸಾಧನ ಆಗಿದ್ರೆ, ಫೋನಿಗೆ ಗೂಗಲ್ ಟಿವಿ ಆ್ಯಪ್ ಹಾಕ್ಕೊಳ್ಳಿ. ಅದರಲ್ಲೂ ಒಂದು ರಿಮೋಟ್ ಇದೆ. ಅದೇ ವೈಫೈನಲ್ಲಿದ್ದುಕೊಂಡು ಒತ್ತಿ ನೋಡಿ.

ಅದೂ ಕೆಲಸ ಮಾಡದಿದ್ರೆ ತೊಂದರೆ ಸ್ಟಿಕ್‌ನಲ್ಲಿದೆ ಅಥವಾ ವೈಫೈನಲ್ಲಿದೆ. ಹೋಮ್ ಅಸಿಸ್ಟೆಂಟ್‌ನಲ್ಲಿ ಎಷ್ಟು ತಿದ್ದಿದ್ರೂ ಪ್ರಯೋಜನ ಇಲ್ಲ. ಅದು ಕೆಲಸ ಮಾಡಿ ನಿಮ್ಮ ಬಟನ್ ಮಾತ್ರ ಸುಮ್ಮನಿದ್ರೆ, ಲೆಕ್ಕ ತಪ್ಪಿರೋದು ಹೋಮ್ ಅಸಿಸ್ಟೆಂಟ್ ಕಡೆ. ಎರಡು ನಿಮಿಷದ ಈ ಪರೀಕ್ಷೆಯಿಂದ ಅರ್ಧ ಹುಡುಕಾಟ ಮುಗಿಯುತ್ತೆ.

ಲೆಕ್ಕ ಒಂದು: ವಿಳಾಸ

ಮನೆಯ ಪ್ರತಿ ಸಾಧನಕ್ಕೂ ರೂಟರ್ ಒಂದು ಐಪಿ ವಿಳಾಸ ಕೊಡುತ್ತೆ, 192.168.1.23 ಅನ್ನೋ ಥರ. ಇದು ಸ್ವಂತ ಮನೆಯಲ್ಲ, ಬಾಡಿಗೆ ಮನೆ. ಕರೆಂಟ್ ಹೋಗಿ ಬಂದಾಗ ಎಷ್ಟೋ ರೂಟರ್‌ಗಳು ಯಾರಿಗೆ ಯಾವ ನಂಬರ್ ಕೊಟ್ಟಿದ್ದೆ ಅನ್ನೋದನ್ನೇ ಮರೆತುಬಿಡುತ್ತವೆ. ನಿನ್ನೆ 23 ಆಗಿದ್ದ ಸ್ಟಿಕ್ ಇವತ್ತು 27. ಹೋಮ್ ಅಸಿಸ್ಟೆಂಟ್ ಇನ್ನೂ 23ರ ಬಾಗಿಲು ತಟ್ತಾ ಇರುತ್ತೆ.

ಪರಿಹಾರ: ರೂಟರ್ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರುತ್ತೆ. ಅಲ್ಲಿ ಸ್ಟಿಕ್‌ಗೆ ಒಂದು ನಂಬರ್ ಖಾಯಂ ಮಾಡಿ. ಹೋಮ್ ಅಸಿಸ್ಟೆಂಟ್ ಓಡೋ ಕಂಪ್ಯೂಟರ್‌ಗೂ ಹಾಗೇ ಮಾಡಿ, ಯಾಕಂದ್ರೆ ಟ್ಯಾಬ್ಲೆಟ್ ಅದನ್ನ ಹುಡುಕಬೇಕು.

ಇಲ್ಲಿ ಒಂದು ಪ್ರಶ್ನೆ ಬರುತ್ತೆ. ಸಾಧನಗಳು ಒಂದನ್ನೊಂದು ತಾವಾಗೇ ಹುಡುಕಿಕೊಳ್ಳಲ್ವಾ? ಹುಡುಕಿಕೊಳ್ಳುತ್ತವೆ. ಎಂಡಿಎನ್‌ಎಸ್ ಅನ್ನೋ ವಿಧಾನದಲ್ಲಿ ಸ್ಟಿಕ್ "ನಾನಿಲ್ಲಿದ್ದೀನಿ" ಅಂತ ಕೂಗುತ್ತೆ, ಕೇಳಿಸಿದ್ರೆ ಹೋಮ್ ಅಸಿಸ್ಟೆಂಟ್ ಹೊಸ ವಿಳಾಸ ಬರ್ಕೊಳ್ಳುತ್ತೆ. ಆದ್ರೆ ಇದು ತರಕಾರಿ ಗಾಡಿಯವರ ಕೂಗಿದ್ದ ಹಾಗೆ, ಆ ಬೀದಿಗೆ ಮಾತ್ರ ಕೇಳಿಸುತ್ತೆ. ಪಕ್ಕದ ಬೀದಿಗೆ ಹೋಗಲ್ಲ.

ಮನೆಯೊಳಗೆ ಎರಡು ಬೀದಿ ಆಗೋದು ಹೇಗೆ? ಇಂಟರ್‌ನೆಟ್ ಕಂಪನಿ ಕೊಟ್ಟ ರೂಟರ್ ಹಾಲ್‌ನಲ್ಲಿರುತ್ತೆ, ಹಿಂದಿನ ರೂಮಿಗೆ ಸಿಗ್ನಲ್ ಬರಲ್ಲ ಅಂತ ಇನ್ನೊಂದು ರೂಟರ್ ಹಾಕಿರ್ತೀವಿ. ಎರಡೂ ತಮ್ಮದೇ ವಿಳಾಸ ಹಂಚೋಕೆ ಶುರು ಮಾಡುತ್ತವೆ. ಹಾಲ್‌ನ ಸ್ಟಿಕ್ 192.168.1ರ ಬೀದಿಯಲ್ಲಿ, ರೂಮಿನ ಕಂಪ್ಯೂಟರ್ 192.168.0ರ ಬೀದಿಯಲ್ಲಿ. ಎರಡು ಸಾಧನಗಳ ವಿಳಾಸ ಪಕ್ಕಪಕ್ಕ ಬರೆದು ಮೂರನೇ ಅಂಕಿ ಒಂದೇನಾ ಅಂತ ನೋಡಿ. ಬೇರೆ ಇದ್ರೆ ಎರಡನೇ ರೂಟರನ್ನ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಸ್ಟಿಕ್ ಗೆಸ್ಟ್ ವೈಫೈನಲ್ಲಿ ಇದ್ರೂ ಇದೇ ತೊಂದರೆ. ಗೆಸ್ಟ್ ವೈಫೈ ಇರೋದೇ ಮನೆಯ ಉಳಿದ ಸಾಧನಗಳಿಂದ ದೂರ ಇಡೋಕೆ.

ಲೆಕ್ಕ ಎರಡು: ಗುರುತು

ವಿಳಾಸ ಸರಿಯಿದ್ರೂ, ಬಾಗಿಲು ತಟ್ಟಿದವರಿಗೆಲ್ಲ ಸ್ಟಿಕ್ ಬಾಗಿಲು ತೆಗೆಯಲ್ಲ. 2023ರ ಮೇ ತಿಂಗಳಲ್ಲಿ ಹೋಮ್ ಅಸಿಸ್ಟೆಂಟ್‌ಗೆ ಆಂಡ್ರಾಯ್ಡ್ ಟಿವಿ ರಿಮೋಟ್ ಅನ್ನೋ ಜೋಡಣೆ ಬಂತು. ಮೊದಲ ಸಲ ಜೋಡಿಸುವಾಗ ಟಿವಿ ಪರದೆ ಮೇಲೆ ಆರು ಅಕ್ಷರದ ಕೋಡ್ ಬರುತ್ತೆ, ಅಂಕಿಗಳ ಜೊತೆ ಎ ಇಂದ ಎಫ್ ತನಕದ ಇಂಗ್ಲಿಷ್ ಅಕ್ಷರಗಳಿರಬಹುದು. ಅದನ್ನ ಟೈಪ್ ಮಾಡಿದಾಗ ಎರಡೂ ಕಡೆ ಡಿಜಿಟಲ್ ಸರ್ಟಿಫಿಕೇಟ್ ಉಳಿಯುತ್ತೆ. ಜೋಡಣೆಯ ಮಾತುಕತೆ 6467ನೇ ಪೋರ್ಟ್‌ನಲ್ಲಿ, ದಿನನಿತ್ಯದ ಆಜ್ಞೆಗಳು 6466ರಲ್ಲಿ.

ಸ್ಟಿಕ್ ಅನ್ನ ರಿಸೆಟ್ ಮಾಡಿದ್ರೆ ಅದು ಗುರುತು ಮರೆಯುತ್ತೆ. ಆಗ ಮತ್ತೆ ಜೋಡಿಸಬೇಕು, ಅಷ್ಟೇ. ಕೋಡೇ ಬರ್ತಿಲ್ಲ ಅಥವಾ ಜೋಡಣೆ ಅರ್ಧಕ್ಕೆ ನಿಲ್ತಿದೆ ಅಂದ್ರೆ ಸ್ಟಿಕ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್, ಅದರಲ್ಲಿ ಸಿಸ್ಟಮ್ ಆ್ಯಪ್‌ಗಳನ್ನ ತೋರಿಸು ಅಂತ ಕೊಡಿ. ಆಂಡ್ರಾಯ್ಡ್ ಟಿವಿ ರಿಮೋಟ್ ಸರ್ವಿಸ್ ಸಿಗುತ್ತೆ. ಅದನ್ನ ಫೋರ್ಸ್ ಸ್ಟಾಪ್ ಮಾಡಿ, ಸ್ಟೋರೇಜ್ ಕ್ಲಿಯರ್ ಮಾಡಿ, ಸ್ಟಿಕ್ ರೀಸ್ಟಾರ್ಟ್ ಮಾಡಿ ಮತ್ತೆ ಜೋಡಿಸಿ.

ಫೈರ್ ಟಿವಿ ಇರೋರು ಗಮನಿಸಿ: ಈ ಜೋಡಣೆ ನಿಮಗೆ ನಡೆಯಲ್ಲ. ಅದಕ್ಕೆ ಎಡಿಬಿ, ಅಂದ್ರೆ ಆಂಡ್ರಾಯ್ಡ್ ಡೀಬಗ್ ಬ್ರಿಡ್ಜ್ ಬಳಸ್ತಾರೆ. ಡೆವಲಪರ್ ಆಯ್ಕೆಯಲ್ಲಿ ಅದನ್ನ ಆನ್ ಮಾಡಿದ ಮೇಲೆ, ಮೊದಲ ಸಂಪರ್ಕದಲ್ಲಿ ಪರದೆ ಮೇಲೆ ಅನುಮತಿ ಕೇಳೋ ಪೆಟ್ಟಿಗೆ ಬರುತ್ತೆ. ಅಲ್ಲಿ "ಯಾವಾಗಲೂ ಅನುಮತಿಸು" ಅನ್ನೋದಕ್ಕೆ ಟಿಕ್ ಹಾಕದೆ ಓಕೆ ಕೊಟ್ರೆ, ಪೆಟ್ಟಿಗೆ ಇನ್ನೊಂದು ದಿನ ಮತ್ತೆ ಬಂದು ಕಾಯ್ತಾ ಕೂರುತ್ತೆ. ಅದಕ್ಕೆ ಉತ್ತರ ಕೊಡೋ ತನಕ ನಿಮ್ಮ ಬಟನ್ ಕೆಲಸ ಮಾಡಲ್ಲ.

ಎಡಿಬಿ ಬಗ್ಗೆ ಒಂದು ಎಚ್ಚರಿಕೆ. ಅದು ರಿಮೋಟ್‌ಗಿಂತ ತುಂಬಾ ದೊಡ್ಡ ಅಧಿಕಾರ, ಸಾಧನದಲ್ಲಿ ಆ್ಯಪ್ ಹಾಕೋಕೂ ಆಗುತ್ತೆ. 2018ರ ಫೆಬ್ರವರಿಯಲ್ಲಿ ಎಡಿಬಿ ಮೈನರ್ ಅನ್ನೋ ಕುತಂತ್ರಾಂಶ ಇದೇ 5555ನೇ ಪೋರ್ಟ್ ತೆರೆದಿಟ್ಟಿದ್ದ ಸಾಧನಗಳಿಗೆ ನುಗ್ಗಿ, ಟಿವಿ ಬಾಕ್ಸ್‌ಗಳೂ ಸೇರಿದಂತೆ, ಅವುಗಳಿಂದ ಕ್ರಿಪ್ಟೊ ಕರೆನ್ಸಿ ಗಣಿಗಾರಿಕೆ ಮಾಡಿಸಿತ್ತು. ಹೊರಗಿನಿಂದ ಟಿವಿ ನಿಯಂತ್ರಿಸಬೇಕು ಅಂತ ರೂಟರ್‌ನಲ್ಲಿ ಈ ಪೋರ್ಟ್ ಯಾವತ್ತೂ ತೆರೆಯಬೇಡಿ.

ಲೆಕ್ಕ ಮೂರು: ಸ್ಥಿತಿ

ಈಗ ಆನ್ ಒತ್ತಿದ್ರೆ ಆಫ್ ಆಗೋ ವಿಚಿತ್ರಕ್ಕೆ ಬರೋಣ. ಪವರ್ ಬಟನ್ ಅನ್ನೋದು ಹೆಚ್ಚಿನ ಸಾಧನಗಳಲ್ಲಿ ಒಂದೇ ಕೀ: ಆನ್ ಇದ್ರೆ ಆಫ್, ಆಫ್ ಇದ್ರೆ ಆನ್. ಹಾಸನದ ಮನೆಯ ಆನ್ ಬಟನ್ ನೇರವಾಗಿ ಈ ಪವರ್ ಕೀ ಕಳಿಸ್ತಿತ್ತು. ಟಿವಿ ಎಚ್ಚರಾಗೋಕೆ ಕೆಲವು ಸೆಕೆಂಡ್ ಬೇಕು. ಏನೂ ಆಗಲಿಲ್ಲ ಅಂತ ಅವರ ತಂದೆ ಇನ್ನೊಂದು ಸಲ ಒತ್ತಿದ್ರು. ಏಳ್ತಾ ಇದ್ದ ಟಿವಿ ಮತ್ತೆ ಮಲಗಿತು.

ಪವರ್ ಕೀ ಕಳಿಸೋ ಬದಲು ಹೋಮ್ ಅಸಿಸ್ಟೆಂಟ್‌ನ "ಟರ್ನ್ ಆನ್" ಆಜ್ಞೆ ಬಳಸಿ. ಅದು ಮೊದಲು ತನ್ನ ಲೆಕ್ಕ ನೋಡುತ್ತೆ, ಸಾಧನ ಆಫ್ ಇದೆ ಅಂತ ಇದ್ರೆ ಮಾತ್ರ ಕೀ ಕಳಿಸುತ್ತೆ. ಎರಡು ಸಲ ಒತ್ತಿದ್ರೂ ಅಪಾಯ ಕಡಿಮೆ.

ಆದ್ರೆ ಸಾಧನ ಆಫ್ ಆದಾಗ "ಅನ್‌ಅವೈಲಬಲ್" ಅಂತ ಬಂದ್ರೆ? ಮೊದಲು ಸ್ಟಿಕ್‌ಗೆ ಕರೆಂಟ್ ಎಲ್ಲಿಂದ ಬರ್ತಿದೆ ನೋಡಿ. ವೈರ್ ಕಮ್ಮಿಯಾಗಲಿ ಅಂತ ಎಷ್ಟೋ ಜನ ಟಿವಿಯ ಯುಎಸ್‌ಬಿಗೇ ಚುಚ್ಚಿರ್ತಾರೆ. ಟಿವಿ ಮಲಗಿದಾಗ ಅನೇಕ ಮಾಡೆಲ್‌ಗಳಲ್ಲಿ ಆ ಯುಎಸ್‌ಬಿಗೆ ಕರೆಂಟ್ ನಿಲ್ಲುತ್ತೆ. ಸ್ಟಿಕ್‌ಗೆ ಜೀವವೇ ಇಲ್ಲ ಅಂದ ಮೇಲೆ ಯಾವ ಆಜ್ಞೆ ಕೇಳುತ್ತೆ? ಜೊತೆಗೆ ಬಂದ ಅಡಾಪ್ಟರ್‌ನಿಂದ ಗೋಡೆಯ ಸಾಕೆಟ್‌ಗೆ ಹಾಕಿ. ಇನ್ನು ಆಂಡ್ರಾಯ್ಡ್ ಒಳಗೇ ಇರೋ ಕೆಲವು ಟಿವಿಗಳು ಆಫ್ ಆದಾಗ ವೈಫೈಯನ್ನೂ ಮಲಗಿಸುತ್ತವೆ. ಪವರ್ ಸೆಟ್ಟಿಂಗ್‌ನಲ್ಲಿ "ಸ್ಕ್ರೀನ್‌ಲೆಸ್ ಸರ್ವಿಸ್" ಥರದ ಆಯ್ಕೆ ಇದ್ರೆ ಆನ್ ಮಾಡಿ.

ಇನ್ನೊಂದು ಗೊಂದಲ: ಸ್ಟಿಕ್ ಆನ್ ಆಯ್ತು, ಟಿವಿಯಲ್ಲಿ ಮಾತ್ರ ಕೇಬಲ್‌ನ ಸೆಟ್‌ಟಾಪ್ ಬಾಕ್ಸೇ ಕಾಣ್ತಿದೆ. ಸ್ಟಿಕ್‌ನ ಸ್ಥಿತಿ ಬೇರೆ, ಟಿವಿಯ ಸ್ಥಿತಿ ಬೇರೆ. ಸ್ಟಿಕ್ ಎದ್ದಾಗ ಟಿವಿಯನ್ನೂ ಎಬ್ಬಿಸಿ ತನ್ನ ಎಚ್‌ಡಿಎಂಐಗೆ ತಿರುಗಿಸೋ ಕೆಲಸ ಸಿಇಸಿ ಅನ್ನೋ ಸೌಲಭ್ಯದ್ದು. ಟಿವಿ ಮೆನುವಿನಲ್ಲಿ ಇದಕ್ಕೆ ಕಂಪನಿಗೊಂದು ಹೆಸರು: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಟಿವಿಯಲ್ಲೂ ಸ್ಟಿಕ್‌ನಲ್ಲೂ ಎರಡೂ ಕಡೆ ಆನ್ ಇರಬೇಕು.

ಬಾಣದ ಕೀ ಎಣಿಸೋದು ಬೇಡ

ಹಳೇ ಹಾಡಿನ ಬಟನ್ ಕಥೆ ಬೇರೆ. ಅದನ್ನ ಹೀಗೆ ಬರೆದಿದ್ರು: ಹೋಮ್ ಒತ್ತು, ನಾಲ್ಕು ಸಲ ಬಲಕ್ಕೆ ಹೋಗು, ಓಕೆ ಒತ್ತು. ಅವತ್ತು ನಾಲ್ಕನೇ ಜಾಗದಲ್ಲಿ ಯೂಟ್ಯೂಬ್ ಇತ್ತು. ಹೊಸ ಆ್ಯಪ್ ಒಂದು ಸೇರಿತು, ಸಾಲು ಬದಲಾಯ್ತು, ಲೆಕ್ಕ ಕೆಟ್ಟಿತು. ವರ್ಚುವಲ್ ರಿಮೋಟ್‌ಗೆ ಪರದೆ ಕಾಣಲ್ಲ ಅನ್ನೋದು ನೆನಪಿರಲಿ. ಕಳಿಸಿದ ಬಾಣದ ಕೀ ಎಲ್ಲಿಗೆ ಹೋಗಿ ನಿಂತಿತು ಅನ್ನೋದಕ್ಕೆ ರಸೀದಿ ಬರಲ್ಲ.

ಇದರ ಬದಲು "ಟರ್ನ್ ಆನ್" ಆಜ್ಞೆಯ ಜೊತೆಗೇ ಆ್ಯಪ್‌ನ ಲಿಂಕ್ ಕೊಡಬಹುದು. ಯೂಟ್ಯೂಬ್‌ನ ವೆಬ್ ವಿಳಾಸ ಕೊಟ್ರೆ ನೇರ ಯೂಟ್ಯೂಬ್ ತೆರೆಯುತ್ತೆ, ಅದು ಯಾವ ಸಾಲಲ್ಲೇ ಇರಲಿ. ಬಾಣದ ಕೀ ಬಳಸಲೇಬೇಕಾದ್ರೆ ಒಂದೊಂದರ ಮಧ್ಯೆ ಅರ್ಧ ಸೆಕೆಂಡಾದ್ರೂ ಬಿಡಿ. ಬಡಬಡ ಅಂತ ಕಳಿಸಿದ್ರೆ ನಿಧಾನದ ಸ್ಟಿಕ್‌ಗಳು ಒಂದೆರಡು ನುಂಗಿಬಿಡುತ್ತವೆ.

ಕೊನೆಯದಾಗಿ, ಕರೆಂಟ್ ಪರೀಕ್ಷೆ

ಎಲ್ಲ ಸರಿ ಮಾಡಿದ ಮೇಲೆ ಬಟನ್ ಒಂದು ಸಲ ಕೆಲಸ ಮಾಡಿತು ಅಂತ ಎದ್ದು ಹೋಗಬೇಡಿ. ನೀವು ಮನೆಯಲ್ಲಿರೋ ಭಾನುವಾರ, ಹೋಮ್ ಅಸಿಸ್ಟೆಂಟ್ ಕಂಪ್ಯೂಟರ್ ಅನ್ನ ಮೊದಲು ಸರಿಯಾಗಿ ಶಟ್‌ಡೌನ್ ಮಾಡಿ, ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ. ಐದು ನಿಮಿಷ ಬಿಟ್ಟು ಹಾಕಿ. ಎಲ್ಲ ಎದ್ದು ಕೂರೋಕೆ ಇನ್ನೊಂದೈದು ನಿಮಿಷ ಕೊಟ್ಟು ಪ್ರತಿ ಬಟನ್ ಒತ್ತಿ ನೋಡಿ. ಯಾವುದಾದ್ರೂ ಒಂದು ಕೈ ಕೊಟ್ರೆ ಅದೇ ಮೂರು ಪ್ರಶ್ನೆ, ಅದೇ ಕ್ರಮದಲ್ಲಿ: ವಿಳಾಸ ಸರಿಯಿದೆಯಾ, ಗುರುತು ಉಳಿದಿದೆಯಾ, ಸ್ಥಿತಿ ನಿಜ ಹೇಳ್ತಿದೆಯಾ? ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನ ಕಾಗದದಲ್ಲಿ ಬರ್ಕೊಳ್ಳಿ.

ಮತ್ತೆ, ಬಟನ್‌ಗಳನ್ನ ಬಳಸೋರು ಇನ್ನೊಬ್ಬರಾಗಿದ್ರೆ ಪರೀಕ್ಷೆಯನ್ನ ಅವರ ಕೈಯಲ್ಲೇ ಮಾಡಿಸಿ. ಎಷ್ಟು ಹೊತ್ತು ಕಾಯ್ತಾರೆ, ಎಷ್ಟು ಸಲ ಒತ್ತುತ್ತಾರೆ ಅನ್ನೋದು ನಮಗೆ ಕೂತಲ್ಲಿ ಗೊತ್ತಾಗಲ್ಲ. ಹಳೇ ರಿಮೋಟ್‌ಗೆ ಹೊಸ ಸೆಲ್ ಹಾಕಿ ಟಿವಿ ಪಕ್ಕದಲ್ಲೇ ಇಡಿ. ವೈಫೈ ಪೂರ್ತಿ ಕೈಬಿಟ್ಟ ದಿನ ಮನೆಯಲ್ಲಿ ಯಾರಾದ್ರೂ ಒಬ್ಬರು ಅದನ್ನ ಒತ್ತಿಕೊಡಬಹುದು.

ನಿಮ್ಮ ಮನೆಯಲ್ಲಿ ಯಾವ ಲೆಕ್ಕ ತಪ್ಪಿತ್ತು, ಹೇಗೆ ಹಿಡಿದ್ರಿ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.