ಕಾಳಿಗೊಂದು ಕಲ್ಲು, ಕೆರೆಯ ಕೆಳಗೆ ಗದ್ದೆ

ಬೇಟೆನಾಯಿಯೊಂದರ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ ಊರು ಮದ್ದೂರು ತಾಲ್ಲೂಕಿನ ಆತಗೂರು. ಹೋಬಳಿ ಕೇಂದ್ರವಾದ ಈ ಊರನ್ನು ಇತಿಹಾಸದ ಪುಸ್ತಕಗಳು ಆತಕೂರು ಎನ್ನುತ್ತವೆ. ನಾಯಿಯ ಹೆಸರು ಕಾಳಿ.

ಕತೆಯ ಮೊದಲ ಭಾಗ ನಡೆದದ್ದು ದೂರದ ತಕ್ಕೋಲದಲ್ಲಿ, ಈಗಿನ ತಮಿಳುನಾಡಿನ ಅರಕ್ಕೋಣಂ ಬಳಿ. 949ರ ಸುಮಾರಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಅಲ್ಲಿ ಘೋರ ಕಾಳಗವಾಯಿತು. ಕೃಷ್ಣನ ಭಾವ, ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಅದಕ್ಕೆ ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳು ಬಂದವು. ಅದೇ ಯುದ್ಧದಲ್ಲಿ ಎದೆಗೊಟ್ಟು ಕಾದಿದವನು ಬೂತುಗನ ಬಂಟ ಮಣಲೇರ. ಮೆಚ್ಚಿದ ಒಡೆಯ ಏನು ಬೇಕೋ ಬೇಡಿಕೋ ಎಂದಾಗ ಅವನು ಕೇಳಿದ್ದು ಚಿನ್ನವನ್ನಲ್ಲ, ಊರನ್ನಲ್ಲ, ಕಾಳಿಯನ್ನು.

ಕೆಲಲೆನಾಡಿನಲ್ಲಿ, ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ, ಎಂದರೆ ಕಲ್ಲುಗುಡ್ಡದಲ್ಲಿ, ಭಾರಿ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು.

ಮಣಲೇರನ ದುಃಖ ಎಷ್ಟಿತ್ತೆಂದು ಕಲ್ಲಿನ ಮೇಲಿನ ಶಾಸನ ಬಾಯಿಬಿಟ್ಟು ಹೇಳುವುದಿಲ್ಲ, ಮಾಡಿದ್ದನ್ನಷ್ಟೇ ಹೇಳುತ್ತದೆ. ಆತಕೂರಿನ ಚಲ್ಲೇಶ್ವರ ದೇವರ ಮುಂದೆ ಕಲ್ಲು ನೆಟ್ಟರು. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಕೊಟ್ಟರು. ಖಂಡುಗವೆಂದರೆ ಇಪ್ಪತ್ತು ಕೊಳಗ; ಅಷ್ಟು ಬಿತ್ತನೆ ಹಿಡಿಯುವ ನೆಲವನ್ನೂ ಅದೇ ಹೆಸರಿನಿಂದ ಅಳೆಯುತ್ತಿದ್ದರು. ಕೆರೆಯ ಕೆಳಗಿನ ನೆಲವೆಂದರೆ ನೀರಿನ ಆಸರೆಯಿರುವ ನೆಲ ಎಂದು ಮಂಡ್ಯದ ಒಕ್ಕಲಿಗೆ ಬಿಡಿಸಿ ಹೇಳಬೇಕಿಲ್ಲ. ಆ ಭೂಮಿಯನ್ನು ಹಾಳುಗೆಡವಿದವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ ಎನ್ನುತ್ತದೆ ಶಾಸನ. ದೇವಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಗತಿ.

ಈ ಕಟ್ಟಲೆಯೇ ಆತಕೂರಿನ ದೊಡ್ಡತನ. ಅಗಲಿದವರ ಹೆಸರಿನಲ್ಲಿ ಬೆಟ್ಟಕ್ಕೆ ಮೆಟ್ಟಿಲು, ದಾರಿಬದಿಗೆ ತಂಗುದಾಣ, ಕುಡಿಯುವ ನೀರಿನ ತೊಟ್ಟಿ ಕಟ್ಟಿಸುವವರು ಇಂದಿಗೂ ಇದ್ದಾರೆ. ಹೊರದೇಶಗಳಲ್ಲಿ ಚಾರಣದ ಹಾದಿಯ ಖರ್ಚನ್ನೇ ಹೊತ್ತು ಪ್ರೀತಿಪಾತ್ರರ ಹೆಸರಿಡುತ್ತಾರೆ. ಕಟ್ಟಿಸುವುದು ಒಂದು ದಿನದ ಕೆಲಸ. ಮುಂದೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಮಣಲೇರನ ಕಾಲದವರು ಆಗಲೇ ಗದ್ದೆಯ ಲೆಕ್ಕದಲ್ಲಿ ಉತ್ತರ ಬರೆದಿಟ್ಟಿದ್ದರು.

ಕಲ್ಲು ಈಗ ಊರಿನಲ್ಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೊಡನೆ ಸೆಣಸುವ ಕಾಳಿಯನ್ನು ಶಿಲ್ಪಿ ಕಡೆದಿದ್ದಾನೆ. ಸುತ್ತಲೂ ಹಳಗನ್ನಡದ ಸಾಲುಗಳು. ತಕ್ಕೋಲದ ಕಾಳಗಕ್ಕೆ ಇದು ಮುಖ್ಯ ಆಧಾರವೆಂದು ಇತಿಹಾಸಕಾರರು ಇದನ್ನು ಓದುತ್ತಾರೆ. ಕಲ್ಲು ನಿಂತದ್ದಾದರೋ ನಾಯಿಗಾಗಿ.

ಬೆಂಗಳೂರು–ಮೈಸೂರು ರೈಲಿನಲ್ಲಿ ಮದ್ದೂರಿಗೆ ಬಂದಿಳಿದು ಆತಗೂರಿಗೆ ಹೋಗಬಹುದು. ಹೊರಡುವ ಮೊದಲು ಕಸ್ತೂರಬಾ ರಸ್ತೆಯಲ್ಲಿ ಕಲ್ಲನ್ನು ನೋಡಿಕೊಂಡು ಬರುವುದು ಒಳ್ಳೆಯದು. ಬರುವ ದಾರಿಯಲ್ಲೇ ಸಿಗುವ ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೆಂದೇ ಕಟ್ಟಿದ ಗುಡಿಯೊಂದಿದೆ. ಅದು ನಮ್ಮ ಕಾಲದ್ದು.